ಮರುಬಳಕೆಯ ಗುರಿ ಶೇ 60. ಶುದ್ಧ ದಾಣಾ ಎಲ್ಲಿಂದ?

ಮಾನ್ಯ ಸಂಪಾದಕರೇ,

ಬಾಟಲಿ, ಡಬ್ಬ, ಕ್ಯಾನಿನಂಥ ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗ್‌ನಲ್ಲಿ 2025-26ರಿಂದ ಶೇ 30ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕೆಂದು ಕೇಂದ್ರ ಪರಿಸರ ಸಚಿವಾಲಯ 2022ರ ಫೆಬ್ರುವರಿಯಲ್ಲೇ ಅಧಿಸೂಚನೆ ಹೊರಡಿಸಿದೆ. ವರ್ಷಕ್ಕೆ ಹತ್ತರಂತೆ ಏರಿ 2028-29ಕ್ಕೆ ಅದು ಶೇ 60 ಮುಟ್ಟಬೇಕು. ಮೆತ್ತನೆಯ ಕವರುಗಳಿಗೆ ಶೇ 10ರಿಂದ 20, ಚಿಪ್ಸ್ ಪೊಟ್ಟಣದಂಥ ಹಲವು ಪದರದವಕ್ಕೆ ಶೇ 5ರಿಂದ 10. ಗುರಿಯ ಬಗ್ಗೆ ತಕರಾರಿಲ್ಲ. ಪಿವಿಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ತರಿಸುವ ದೇಶಕ್ಕೆ ಗುಜರಿಗೆ ಬಿದ್ದ ಪ್ಲಾಸ್ಟಿಕ್ಕೂ ಕಚ್ಚಾವಸ್ತುವೇ. ಆದರೆ ಈ ಗುರಿಗೆ ಬೇಕಾದ ಶುದ್ಧ ದಾಣಾ, ಅಂದರೆ ಯಂತ್ರಕ್ಕೆ ಸುರಿಯುವ ಪ್ಲಾಸ್ಟಿಕ್ ಹರಳು, ಸಣ್ಣ ಕಾರ್ಖಾನೆಯ ಬಾಗಿಲಿಗೆ ಬರುವ ಏರ್ಪಾಡೇ ಆಗಿಲ್ಲ.

ತೊಡಕು ಎಲ್ಲಿದೆ ಎಂಬುದು ಯಂತ್ರದ ಪಕ್ಕ ನಿಂತರೆ ತಿಳಿಯುತ್ತದೆ. ಶಾಂಪೂ, ಫಿನೈಲ್, ಎಂಜಿನ್ ಆಯಿಲ್ ಬಾಟಲಿಗಳನ್ನು ಮಾಡುವುದು ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್‌ನಿಂದ, ಅವುಗಳ ಮುಚ್ಚಳ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಬೇರೆ ಪ್ಲಾಸ್ಟಿಕ್. ಎಚ್‌ಡಿಪಿಇಯ ಸಾಂದ್ರತೆ ಸುಮಾರು 0.95, ಪಾಲಿಪ್ರೊಪಿಲೀನಿನದು 0.90, ನೀರಿನದು 1. ಎರಡೂ ನೀರಿನಲ್ಲಿ ತೇಲುತ್ತವೆ. ಮುಚ್ಚಳ ತೆಗೆಯದೆ ಗ್ರೈಂಡ್ ಮಾಡಿದರೆ ತೊಳೆಯುವ ತೊಟ್ಟಿಯಲ್ಲಿ ಇವನ್ನು ಬೇರ್ಪಡಿಸಲಾಗದು. ಆ ಮಿಶ್ರ ದಾಣಾದಿಂದ ಊದಿದ ಬಾಟಲಿ ನೋಡಲು ಚೆನ್ನಾಗಿಯೇ ಇರುತ್ತದೆ, ತುಂಬಿಸಿ ಎತ್ತರದಿಂದ ಬೀಳಿಸಿದಾಗ ತಳದ ಬೆಸುಗೆಯ ಗೆರೆಯಲ್ಲೇ ಸೀಳುತ್ತದೆ. ಇನ್ನೊಂದು ಕಾಟ ಮೆಲ್ಟ್ ಫ್ಲೋ, ಅಂದರೆ ಕರಗಿದ ಪ್ಲಾಸ್ಟಿಕ್ ಎಷ್ಟು ಸಲೀಸಾಗಿ ಹರಿಯುತ್ತದೆಂಬ ಅಳತೆ. ಬಾಟಲಿ ಊದುವ ಎಚ್‌ಡಿಪಿಇಗೆ ಅದು 0.3ರ ಆಸುಪಾಸು ಇರಬೇಕು. ಮೌಲ್ಡಿಂಗ್ ಮಾಡಿದ ಕ್ರೇಟು, ಮಗ್ಗುಗಳ ಚೂರಿನಲ್ಲಿ ಅದು 8ರಿಂದ 20ರವರೆಗೂ ಇರುತ್ತದೆ. ಗುಜರಿಯಲ್ಲಿ ಇವೆರಡು ಬೆರೆತರೆ ಡೈನಿಂದ ಇಳಿಯುವ ಕರಗಿದ ಕೊಳವೆ ತನ್ನ ಭಾರಕ್ಕೇ ಜಗ್ಗಿ, ಬಾಟಲಿಯ ಭುಜ ತೆಳುವಾಗಿ ತಳ ದಪ್ಪವಾಗುತ್ತದೆ. ಆಪರೇಟರ್ ಶಾಖ ಇಳಿಸಿ ನೋಡುತ್ತಾನೆ, ವೇಗ ಹೆಚ್ಚಿಸಿ ನೋಡುತ್ತಾನೆ. ಅರ್ಧ ಶಿಫ್ಟು ಹೋದಮೇಲೆ ಮಾಲೀಕ ಮತ್ತೆ ವರ್ಜಿನ್ (ಹೊಸ) ದಾಣಾ ಸುರಿಯಲು ಹೇಳುತ್ತಾನೆ. ಅವನನ್ನು ದೂರಿ ಫಲವಿಲ್ಲ.

ನೀರಿನ ಬಾಟಲಿಯ ಪೆಟ್‌ನದು ಬೇರೆ ಕಥೆ. ಅದರ ಸಾಂದ್ರತೆ 1.38. ಬಾಟಲಿಗೆ ಸುತ್ತುವ ಪಿವಿಸಿ ಸ್ಲೀವ್‌ನದೂ ಹೆಚ್ಚು ಕಡಿಮೆ ಅಷ್ಟೇ, ಆದ್ದರಿಂದ ಎರಡೂ ಒಟ್ಟಿಗೆ ಮುಳುಗುತ್ತವೆ. ಪೆಟ್ ಕರಗಿಸುವ 270-280 ಡಿಗ್ರಿಯಲ್ಲಿ ಪಿವಿಸಿ ಸುಟ್ಟು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಹತ್ತು ಸಾವಿರದಲ್ಲಿ ಒಂದು ಪಾಲು ಪಿವಿಸಿ ಸೇರಿದರೂ ಸಾಕು, ದಾಣಾ ಹಳದಿಗಟ್ಟಿ ಕಪ್ಪು ಚುಕ್ಕೆ ಬೀಳುತ್ತದೆ, ಸ್ಕ್ರೂ ಕೂಡ ತುಕ್ಕು ಹಿಡಿಯುತ್ತದೆ. ತೇವದ್ದೂ ಅಷ್ಟೇ ಉಪದ್ರವ. ಫ್ಲೇಕ್ಸನ್ನು (ಬಾಟಲಿಯ ಚೂರುಗಳನ್ನು) 160-170 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಒಣಗಿಸಿ ತೇವವನ್ನು 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ಒಳಗೆ ತರದಿದ್ದರೆ ಕರಗುವಾಗ ಪಾಲಿಮರ್ ಸರಪಳಿಯೇ ತುಂಡಾಗುತ್ತದೆ. ಆಮೇಲೆ ಅದು ಬಾಟಲಿಗೆ ಆಗದು, ನಾರು ಎಳೆಯಲು ಹೋಗುತ್ತದೆ.

ಇವಿಷ್ಟರಲ್ಲಿ ಹೆಚ್ಚಿನವನ್ನು ಪ್ಯಾಕಿಂಗ್ ವಿನ್ಯಾಸದ ಮೇಜಿನಲ್ಲೇ ತಡೆಯಬಹುದು. ಪೆಟ್ ಬಾಟಲಿಗೆ ಪಿವಿಸಿ ಸ್ಲೀವ್ ನಿಷೇಧಿಸಿ, ನೀರಿನಲ್ಲಿ ತೇಲುವ ಪಾಲಿಒಲೆಫಿನ್ (ಪಾಲಿಪ್ರೊಪಿಲೀನ್ ಜಾತಿಯ ಪ್ಲಾಸ್ಟಿಕ್) ಲೇಬಲ್ ಕಡ್ಡಾಯ ಮಾಡಬೇಕು. 80 ಡಿಗ್ರಿಯ ಕಾಸ್ಟಿಕ್ ನೀರಿನಲ್ಲಿ ಬಿಟ್ಟುಕೊಳ್ಳುವ ಅಂಟನ್ನೇ ಬಳಸಬೇಕು. ಎಚ್‌ಡಿಪಿಇ ಬಾಟಲಿಗೆ ಎಚ್‌ಡಿಪಿಇ ಮುಚ್ಚಳವನ್ನೇ ಹಾಕಲು ಕಂಪನಿಗಳಿಗೆ ಎರಡು ವರ್ಷ ಗಡುವು ಕೊಡಬಹುದು. ಜಪಾನಿನ ಪಾನೀಯ ಉದ್ಯಮ ಬಣ್ಣದ ಪೆಟ್ ಬಾಟಲಿಯನ್ನು 2001ರಲ್ಲೇ ಕೈಬಿಟ್ಟಿತು, ಅದಕ್ಕೇನೂ ಅಲ್ಲಿ ಪಾನೀಯದ ಮಾರಾಟ ನಿಲ್ಲಲಿಲ್ಲ.

ಇನ್ನು ತೆರಿಗೆ. ಪ್ಲಾಸ್ಟಿಕ್ ಗುಜರಿಯ ಜಿಎಸ್‌ಟಿ 2021ರ ಅಕ್ಟೋಬರ್‌ನಲ್ಲಿ ಶೇ 5ರಿಂದ 18ಕ್ಕೆ ಏರಿತು. ಚಿಂದಿ ಆಯುವವರಿಂದ ನಾಯಂಡಹಳ್ಳಿಯ ಗೋದಾಮಿನವರೆಗೆ ಮಾಲು ಬಿಲ್ಲಿಲ್ಲದೆಯೇ ಬರುತ್ತದೆ. ಬಿಲ್ಲು ಹುಟ್ಟುವುದು ಆಮೇಲೆ, ಕೆಲವೊಮ್ಮೆ ಮಾಲೇ ಇಲ್ಲದೆ! ಮಾರಿದವನು ತೆರಿಗೆ ಕಟ್ಟದೆ ಮಾಯವಾದರೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ಕಳೆಯುವ ಹಕ್ಕು) ಕಳೆದುಕೊಳ್ಳುವವನು ಕೊಂಡ ಕಾರ್ಖಾನೆಯವನು. ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಂಡವನೇ ತೆರಿಗೆ ಕಟ್ಟಿ ಕ್ರೆಡಿಟ್ ಪಡೆಯುವ ಕ್ರಮ 2024ರ ಅಕ್ಟೋಬರ್ 10ರಿಂದ ಜಾರಿಯಲ್ಲಿದೆ. ಅದನ್ನೇ ಕಡಿಮೆ ದರದಲ್ಲಿ ಪ್ಲಾಸ್ಟಿಕ್‌ಗೂ ವಿಸ್ತರಿಸಲು ರಾಜ್ಯ ಸರ್ಕಾರ ಜಿಎಸ್‌ಟಿ ಮಂಡಳಿಯಲ್ಲಿ ಒತ್ತಾಯಿಸಬೇಕು.

ಇಷ್ಟು ಟನ್ ಪ್ಲಾಸ್ಟಿಕ್ ಮರುಬಳಕೆ ಆಗಿದೆ ಎಂದು ಮರುಬಳಕೆ ಘಟಕಗಳು ಪ್ಯಾಕಿಂಗ್ ಬಳಸುವ ಕಂಪನಿಗಳಿಗೆ ಕೊಡುವ, ಉತ್ಪಾದಕರ ಹೊಣೆಗಾರಿಕೆಯ ಪ್ರಮಾಣಪತ್ರಗಳದ್ದೂ ಇದೇ ಜಾತಿಯ ರೋಗ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2023ರಲ್ಲಿ ಪತ್ತೆಹಚ್ಚಿದ ನಕಲಿ ಪ್ರಮಾಣಪತ್ರಗಳು ಕೆಲವೇ ಘಟಕಗಳಲ್ಲಿ 6 ಲಕ್ಷ. ಒಂದು ಟನ್ ಗ್ರೈಂಡ್ ಮಾಡಲು ಎಷ್ಟು ಯೂನಿಟ್ ವಿದ್ಯುತ್ ಬೇಕೆಂಬುದು ಯಂತ್ರ ಗೊತ್ತಿರುವ ಯಾರಿಗೂ ಗೊತ್ತು. ಘಟಕದ ವಿದ್ಯುತ್ ಬಿಲ್ಲನ್ನು ಈ ಪ್ರಮಾಣಪತ್ರಗಳ ಪೋರ್ಟಲಿಗೆ ಜೋಡಿಸಿದರೆ ಕಾಗದದ ಮೇಲಿನ ಟನ್ನುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಹಾಗೆಯೇ ಪ್ರಮಾಣಪತ್ರಕ್ಕೆ ತೂಕವೊಂದೇ ಆಧಾರವಾಗದೆ ಲಾಟಿನ ಮೆಲ್ಟ್ ಫ್ಲೋ, ತೇವ, ಕಲಬೆರಕೆಯ ಪ್ರಮಾಣವೂ ನಮೂದಾಗಬೇಕು. ಪರೀಕ್ಷೆಗೆ ಮೈಸೂರಿನಲ್ಲಿ ಕೇಂದ್ರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ ಸಿಪೆಟ್ ಇದೆ ನಿಜ, ಆದರೆ ವರದಿ ಬರುವವರೆಗೆ ಲಾರಿ ಪೀಣ್ಯದಲ್ಲಿ ಕಾಯುವುದಿಲ್ಲ. ಮೆಲ್ಟ್ ಫ್ಲೋ ಯಂತ್ರ ಮತ್ತು ತೇವಮಾಪಕ ಇರುವ ಸಣ್ಣ ಪರೀಕ್ಷಾ ಕೊಠಡಿ ಕೈಗಾರಿಕಾ ಪ್ರದೇಶದೊಳಗೇ ಬೇಕು, ಅದೇ ದಿನ ಫಲಿತಾಂಶ ಕೊಡಬೇಕು.

ಮಂಗಳೂರು ಬಳಿಯ ಗಂಜಿಮಠದ ಪ್ಲಾಸ್ಟಿಕ್ ಪಾರ್ಕ್‌ನಲ್ಲಿ ಇದನ್ನೆಲ್ಲ ಮಾಡಿ ತೋರಿಸಲು ಅವಕಾಶವಿದೆ. ಪ್ಲಾಸ್ಟಿಕ್ ಕಾರ್ಖಾನೆಗಳನ್ನು ಒಂದೆಡೆ ಸೇರಿಸುವ ಈ ಪಾರ್ಕ್ ಯೋಜನೆಯಲ್ಲಿ ಪಾರ್ಕಿನ ವೆಚ್ಚದ ಅರ್ಧದಷ್ಟು, ಗರಿಷ್ಠ 40 ಕೋಟಿ ರೂಪಾಯಿ, ಕೇಂದ್ರದಿಂದ ಬರುತ್ತದೆ. ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ, ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್‌ನ ಪಾಲಿಪ್ರೊಪಿಲೀನ್ ಘಟಕ ಹತ್ತಿರದಲ್ಲೇ ಇರುವುದರಿಂದ ಹೊಸ ದಾಣಾಕ್ಕೆ ಅಲ್ಲಿ ಕೊರತೆಯಾಗದು. ಕೊರತೆ ಇರುವುದು ತೊಳೆಯುವ ವ್ಯವಸ್ಥೆಗೆ. ಕಾಸ್ಟಿಕ್, ಅಂಟು, ಎಣ್ಣೆ ಬೆರೆತ ನೀರನ್ನು ಶುದ್ಧೀಕರಿಸುವ ಘಟಕ ಹಾಕಲು ಒಬ್ಬ ಸಣ್ಣ ಮರುಬಳಕೆದಾರನಿಗೆ ಬಂಡವಾಳ ಸಾಲದು, ಹಾಗಾಗಿ ನೀರು ಚರಂಡಿಗೆ ಸೇರುತ್ತದೆ. ಪಾರ್ಕಿನಲ್ಲಿ ಸಾಮೂಹಿಕ ಬಿಸಿನೀರಿನ ತೊಳೆಯುವ ಲೈನ್, ಅದಕ್ಕೊಂದು ಶುದ್ಧೀಕರಣ ಘಟಕ, ಪಕ್ಕದಲ್ಲೇ ಪರೀಕ್ಷಾ ಕೊಠಡಿ ಇವಕ್ಕೆ ಜಾಗ ಕಾದಿರಿಸಿ, ಆಮೇಲೆ ಉಳಿದ ನಿವೇಶನ ಹಂಚುವಂತೆ ಕೆಐಎಡಿಬಿಗೆ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೆ) ಸರ್ಕಾರ ಸೂಚಿಸಬೇಕು.

– ಪ್ಲಾಸ್ಟಿಕ್ ಸಂಸ್ಕರಣಾ ತಂತ್ರಜ್ಞರು, ಬೆಂಗಳೂರು