ನಡುಗುವ ಕೈಯಲ್ಲೇ ಓದು

ಪ್ರೀತಿಯ ತಂಗಿ,

ದಸರಾ ಕವಿಗೋಷ್ಠಿಯ ಪಟ್ಟಿಯಲ್ಲಿ ನಿನ್ನ ಹೆಸರು ನೋಡಿ ತುಂಬಾ ಖುಷಿಯಾಯಿತು. ಆದರೆ ನಿನ್ನ ಮೆಸೇಜಿನಲ್ಲಿ ಖುಷಿಗಿಂತ ಭಯವೇ ಜಾಸ್ತಿ ಇತ್ತು. ಅಷ್ಟು ಜನರ ಎದುರು ಕೈ ನಡುಗಿದರೆ ಏನು ಮಾಡಲಿ, ದನಿ ಒಡೆದರೆ ಏನು ಗತಿ, ನಡುಗದ ಹಾಗೆ ಇರೋಕೆ ಏನಾದರೂ ಉಪಾಯ ಹೇಳಿ ಅಂತ ಕೇಳಿದ್ದೀಯ. ಮೊದಲೇ ಹೇಳಿಬಿಡುತ್ತೇನೆ, ನಡುಕ ನಿಲ್ಲಿಸೋಕೆ ಹೋಗಬೇಡ. ಅದರ ಜೊತೆ ಜಗಳಕ್ಕೆ ನಿಂತರೆ ಕವಿತೆ ಓದುವುದಕ್ಕೆ ಶಕ್ತಿಯೇ ಉಳಿಯುವುದಿಲ್ಲ. ಕೈ ನಡುಗುತ್ತಿರುವಾಗಲೂ ಚೆನ್ನಾಗಿ ಓದಬಹುದು. ಹಾಗೆ ಓದಿದವರನ್ನು ನಾನು ಎಷ್ಟೋ ವೇದಿಕೆಗಳಲ್ಲಿ ಹತ್ತಿರದಿಂದ ನೋಡಿದ್ದೇನೆ.

ಜನರ ಎದುರು ನಿಲ್ಲುವ ಹೊತ್ತಿಗೆ ದೇಹದಲ್ಲಿ ಅಡ್ರಿನಲಿನ್ ಹರಿಯುತ್ತದೆ. ಎದೆ ಜೋರಾಗಿ ಬಡಿದುಕೊಳ್ಳುತ್ತದೆ, ಬೆರಳು ತಣ್ಣಗಾಗುತ್ತದೆ, ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಇದೆಲ್ಲ ದೇಹ ನಿನ್ನನ್ನು ಕೆಲಸಕ್ಕೆ ತಯಾರು ಮಾಡುವ ರೀತಿ. ಖುಷಿಯಲ್ಲೂ ಎದೆ ಹೀಗೇ ಬಡಿಯುತ್ತದೆ, ಅಲ್ವಾ? ಹಾರ್ವರ್ಡ್‌ನ ಅಲಿಸನ್ ವುಡ್ ಬ್ರೂಕ್ಸ್ ಅನ್ನುವವರು 2014ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಭಾಷಣ ಮಾಡಬೇಕಾದ ಕೆಲವರಿಗೆ 'ನಾನು ಶಾಂತವಾಗಿದ್ದೇನೆ' ಅಂತ, ಇನ್ನು ಕೆಲವರಿಗೆ 'ನನಗೆ ಹುರುಪು ಬಂದಿದೆ' ಅಂತ ಬಾಯಿಬಿಟ್ಟು ಹೇಳಿಕೊಳ್ಳಲು ಹೇಳಿದರು. ಚೆನ್ನಾಗಿ ಮಾತಾಡಿದವರು ಹುರುಪು ಅಂದವರು. ಬಡಿಯುತ್ತಿರುವ ಎದೆಗೆ ಸುಮ್ಮನಿರು ಅಂದರೆ ಅದು ಕೇಳುವುದಿಲ್ಲ, ಆದರೆ ಆ ಬಡಿತಕ್ಕೆ ಬೇರೆ ಹೆಸರಿಟ್ಟರೆ ಒಪ್ಪಿಕೊಳ್ಳುತ್ತದೆ.

ಇನ್ನೊಂದು ವಿಷಯ ತಿಳಿದುಕೊಂಡರೆ ನಿನ್ನ ಅರ್ಧ ಭಾರ ಇಳಿಯುತ್ತದೆ. ನಿನಗೆ ಒಳಗೆ ಅನ್ನಿಸುವಷ್ಟು ನಡುಕ ಹೊರಗೆ ಕಾಣುವುದೇ ಇಲ್ಲ. ಸಾವಿಟ್ಸ್ಕಿ ಮತ್ತು ಗಿಲೊವಿಚ್ ಅನ್ನುವ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಭಾಷಣಕ್ಕೆ ಹೊರಟ ವಿದ್ಯಾರ್ಥಿಗಳಿಗೆ ಬರೀ ಇಷ್ಟನ್ನೇ ಮುಂಚೆ ತಿಳಿಸಿದ್ದರು. ತಿಳಿದವರು ತಿಳಿಯದವರಿಗಿಂತ ಚೆನ್ನಾಗಿ ಮಾತಾಡಿದರು, ಕೇಳಿದವರೂ ಹಾಗೇ ಅಂದರು. ಅದಕ್ಕೇ ಮೈಕಿನ ಮುಂದೆ ನಿಂತು 'ನನಗೆ ತುಂಬಾ ಭಯ ಆಗ್ತಿದೆ, ತಪ್ಪಾದರೆ ಕ್ಷಮಿಸಿ' ಅಂತ ಶುರು ಮಾಡಬೇಡ. ಯಾರೂ ಗಮನಿಸಿರದ ಕೈಯನ್ನು ನೀನೇ ತೋರಿಸಿದ ಹಾಗಾಗುತ್ತದೆ. ಆಮೇಲೆ ಎಲ್ಲರೂ ಕವಿತೆ ಬಿಟ್ಟು ನಿನ್ನ ಕೈಯನ್ನೇ ನೋಡುತ್ತಾರೆ.

ಈಗ ಕಾಗದದ ವಿಷಯ. ಇದನ್ನು ಚಿಕ್ಕ ಮಾತು ಅಂದುಕೊಳ್ಳಬೇಡ. ಮೊಬೈಲ್ ನೋಡಿಕೊಂಡು ಓದಬೇಡ. ಸ್ಕ್ರೀನ್ ಮಂಕಾಗುತ್ತದೆ, ಫೋನ್ ಬರುತ್ತದೆ, ಬೆರಳು ತಾಗಿ ಪುಟ ಎಲ್ಲಿಗೋ ಹೋಗುತ್ತದೆ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸು, ಒಂದೇ ಬದಿಯಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು. ತೆಳು ಹಾಳೆ ಕೈಯ ಸಣ್ಣ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ, ಮೈಕಿಗೆ ಹತ್ತಿರ ಹಿಡಿದರೆ ಪರಪರ ಸದ್ದು ಬೇರೆ. ಪರೀಕ್ಷೆಗೆ ಒಯ್ಯುವ ರಟ್ಟಿಗೆ ಕ್ಲಿಪ್ ಹಾಕಿಕೋ. ಉಸಿರು ತೆಗೆದುಕೊಳ್ಳುವ ಜಾಗಕ್ಕೆಲ್ಲ ಪೆನ್ಸಿಲಿನಿಂದ ಒಂದು ಗೆರೆ ಹಾಕು. ಮೊದಲ ನಾಲ್ಕು ಸಾಲು ಬಾಯಿಪಾಠ ಇರಲಿ, ಯಾಕಂದರೆ ನಡುಕ ಜಾಸ್ತಿ ಇರುವುದು ಅಲ್ಲೇ, ಅಷ್ಟು ದಾಟಿದರೆ ಕವಿತೆಯೇ ನಿನ್ನನ್ನು ಮುಂದಕ್ಕೆ ಕರೆದುಕೊಂಡು ಹೋಗುತ್ತದೆ. ಹೆಸರು ಕರೆಯುವ ಮೊದಲು ಕುಳಿತಲ್ಲೇ ನಿಧಾನವಾಗಿ ಉಸಿರು ಬಿಡು. ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಲಿ. ಉಸಿರು ಒಳಗೆ ಎಳೆಯುವಾಗ ಎದೆಬಡಿತ ಸ್ವಲ್ಪ ಏರುತ್ತದೆ, ಬಿಡುವಾಗ ಇಳಿಯುತ್ತದೆ. ಆ ಇಳಿತವನ್ನೇ ಉದ್ದ ಮಾಡಿಕೋ.

ವೇದಿಕೆಯಲ್ಲಿ ಏನೇನೋ ಆಗುತ್ತದೆ. ಮೈಕು ಕೂಗುತ್ತದೆ, ಕರೆಂಟು ಹೋಗುತ್ತದೆ, ಗಣ್ಯರೊಬ್ಬರು ನಡುವೆ ಬಂದು ಎಲ್ಲರೂ ಎದ್ದು ನಿಲ್ಲುತ್ತಾರೆ. ನಿಲ್ಲಿಸು, ಕಾಯಿ, ಆ ಸಾಲನ್ನು ಮೊದಲಿನಿಂದ ಮತ್ತೆ ಓದು. ಅಷ್ಟೇ.

ಇದಕ್ಕಿಂತ ಕಷ್ಟದ್ದು ಬೇರೆ ಇದೆ. ನಿನ್ನ ಹಿಂದಿನ ಕವಿ ಪ್ರಾಸ ಹೊಡೆದು, ನಡುವೆ ಎರಡು ತಮಾಷೆ ಸೇರಿಸಿ, ಚಪ್ಪಾಳೆಯಲ್ಲಿ ಮುಳುಗಿ ಹೋಗಿ ಕೂತಿರುತ್ತಾನೆ. ನಿನ್ನ ಕೈಯಲ್ಲಿ ಇರುವುದು ಮೆತ್ತಗಿನ ಕವಿತೆ. ಆ ಕ್ಷಣ ಎಂಥವರಿಗೂ ಅನ್ನಿಸುತ್ತದೆ, ಇದು ಬೇಡ, ಫೈಲಿನಲ್ಲಿ ಇನ್ನೊಂದು ಇದೆಯಲ್ಲ, ಆ ಜೋರಿನದು, ಅದನ್ನೇ ಓದಿಬಿಡೋಣ ಅಂತ. ಬದಲಿಸಬೇಡ. ಗಾಬರಿಯಲ್ಲಿ ಆರಿಸಿದ ಕವಿತೆಯನ್ನು ಗಾಬರಿಯಲ್ಲೇ ಓದುತ್ತೀಯ. ಮನೆಯಲ್ಲಿ ಶಾಂತವಾಗಿ ಕೂತು ಆರಿಸಿದ್ದನ್ನು ನಂಬು. ಚಪ್ಪಾಳೆ ಪೂರ್ತಿ ನಿಲ್ಲುವವರೆಗೆ ಮೈಕಿನ ಮುಂದೆ ಸುಮ್ಮನೆ ನಿಲ್ಲು, ಆ ಮೌನ ನಿನಗೆ ತುಂಬಾ ಉದ್ದ ಅನ್ನಿಸಿದರೂ ಸಭೆಗೆ ಹಾಗೆ ಅನ್ನಿಸುವುದಿಲ್ಲ. ಆಮೇಲೆ ನಿನ್ನ ದನಿಯಲ್ಲೇ ಶುರು ಮಾಡು. ಗದ್ದಲದ ಮೇಲೆ ಬರುವ ಮೆಲುದನಿಗೆ ಜನ ಕಿವಿ ಕೊಡುತ್ತಾರೆ, ಇದನ್ನು ಮನಸಾರೆ ನಂಬಿ ಹೇಳುತ್ತಿದ್ದೇನೆ.

ಓದಿದ ಮೇಲೆ ಸಂವಾದ ಇದೆ ಅಂತ ಬರೆದಿದ್ದೀಯ. ನಿನಗೆ ಅದರದ್ದೇ ಹೆಚ್ಚು ಹೆದರಿಕೆ. ಯಾರಾದರೂ ಎದ್ದು ನಿಂತು 'ಇದು ಕವಿತೆಯೇ ಅಲ್ಲ' ಅಂದರೆ? ಇದಕ್ಕೆ ನಮ್ಮ ಕರಾವಳಿಯಲ್ಲೇ ಒಂದು ದೊಡ್ಡ ಪಾಠಶಾಲೆ ಇದೆ, ಯಕ್ಷಗಾನದ ಪ್ರಸಂಗವನ್ನು ಕೂತು ಮಾತಿನಲ್ಲೇ ನಡೆಸುವ ತಾಳಮದ್ದಲೆ. ಮಳೆಗಾಲದಲ್ಲಿ ಊರಿಗೆ ಬಂದಾಗ ಒಂದು ರಾತ್ರಿ ಕೂತು ಕೇಳು. ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರದ ಮಾತು, ಅಂದರೆ ಅರ್ಥ, ಹೇಳುವ ಅರ್ಥಧಾರಿ ಅದಕ್ಕೆ ಆಗಲೇ ಮಾತು ಕಟ್ಟಬೇಕು. ಎದುರು ಕೂತವರು ಏನು ಕೇಳುತ್ತಾರೋ ಗೊತ್ತಿರುವುದಿಲ್ಲ. ವಾಲಿವಧೆ ಪ್ರಸಂಗವನ್ನೇ ತಗೋ. ಎದೆಗೆ ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ರಾಮನನ್ನು ಕೇಳುತ್ತಾನೆ. ವಾಲಿಯ ಜಾಗದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಹೆಸರಾಂತ ಅರ್ಥಧಾರಿಗಳು ಕೂತಿದ್ದರೆ ರಾಮನ ಅರ್ಥ ಹೇಳುವವರ ಪಾಡು ಯೋಚಿಸು! ಸಭೆಯಲ್ಲಿ ಕೂತವರಿಗೆಲ್ಲ ರಾಮಾಯಣ ಗೊತ್ತು, ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ.

ಒಳ್ಳೆಯ ಅರ್ಥಧಾರಿಗಳು ಅಲ್ಲಿ ಏನು ಮಾಡುತ್ತಾರೆ ಅನ್ನುವುದನ್ನು ಗಮನಿಸು. ಎದುರಿನವರು ಮಾತಾಡುವಾಗ ತನ್ನ ಉತ್ತರ ಜೋಡಿಸುತ್ತಾ ಕೂರುವುದಿಲ್ಲ, ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ 'ನೀನು ಕೇಳಿದ್ದು ಇದು ತಾನೇ' ಅಂತ ಆ ಪ್ರಶ್ನೆಯನ್ನು ತಮ್ಮ ಮಾತಿನಲ್ಲಿ ಒಮ್ಮೆ ಹೇಳುತ್ತಾರೆ. ಪ್ರಶ್ನೆಗೆ ಮರ್ಯಾದೆ ಕೊಟ್ಟ ಹಾಗೂ ಆಯಿತು, ಯೋಚಿಸೋಕೆ ಹೊತ್ತೂ ಸಿಕ್ಕಿತು. ಉತ್ತರ ಎಲ್ಲೆಲ್ಲೋ ಹೋಗದ ಹಾಗೆ ಪದ್ಯಕ್ಕೆ ವಾಪಸ್ ಬರುತ್ತಾರೆ. ಗೆಲ್ಲಲೇಬೇಕು ಅಂತ ದನಿ ಏರಿಸಿದವರ ಅರ್ಥ ಕೆಡುವುದನ್ನೂ ಅಲ್ಲೇ ನೋಡುತ್ತೀಯ. ಒಳ್ಳೆಯ ಅರ್ಥಧಾರಿಗಳ ನೆಮ್ಮದಿ ಗಟ್ಟಿ ಎದೆಯಿಂದ ಮಾತ್ರ ಬಂದದ್ದಲ್ಲ, ವರ್ಷಗಟ್ಟಲೆ ಪ್ರಸಂಗ ಓದಿ, ಪುರಾಣ ಓದಿ, ಹಿರಿಯರ ಪಕ್ಕದಲ್ಲಿ ಸಣ್ಣ ಪಾತ್ರಗಳ ಅರ್ಥ ಹೇಳಿ ಬಂದದ್ದು.

ನಿನಗೂ ನಿನ್ನ ಕವಿತೆಯೇ ಪದ್ಯ. ಯಾರು ಏನೇ ಕೇಳಲಿ, ಪೂರ್ತಿ ಕೇಳಿಸಿಕೋ, ಪ್ರಶ್ನೆಯನ್ನು ಒಮ್ಮೆ ತಿರುಗಿ ಹೇಳು, ಕವಿತೆಯ ಯಾವುದಾದರೂ ಒಂದು ಸಾಲು ಹಿಡಿದು ಉತ್ತರಿಸು. ಉತ್ತರ ಹೊಳೆಯದಿದ್ದರೆ 'ಇದನ್ನು ನಾನು ಯೋಚಿಸಿರಲಿಲ್ಲ, ಯೋಚಿಸುತ್ತೇನೆ' ಅನ್ನು. ಅದರಲ್ಲಿ ಸೋಲು ಏನೂ ಇಲ್ಲ. 'ಇದು ಕವಿತೆಯೇ ಅಲ್ಲ' ಅಂದವರಿಗೆ ವಾದಕ್ಕೆ ನಿಲ್ಲಬೇಡ, ಯಾವ ಸಾಲಿನಲ್ಲಿ ಹಾಗೆ ಅನ್ನಿಸಿತು ಅಂತ ಕೇಳು. ನಿಜವಾಗಿ ಓದಿದವರು ಸಾಲು ತೋರಿಸುತ್ತಾರೆ, ಅಂಥವರ ಮಾತು ಮನೆಗೆ ತೆಗೆದುಕೊಂಡು ಹೋಗುವಂಥದ್ದು. ಯಾರೋ ವಿಡಿಯೋ ತೆಗೆದು ಹಾಕಿ ಕೆಳಗೆ ಕಾಮೆಂಟುಗಳು ಬಂದರೆ ಆ ವಾರ ಅದನ್ನು ತೆರೆಯಲೇಬೇಡ.

ಕೊನೆಗೆ, ಯಾವುದನ್ನು ಓದಲಿ ಅಂತ ಮೂರು ಕವಿತೆ ಕಳಿಸಿದ್ದೀಯಲ್ಲ, ಅಡಿಕೆ ಸುಲಿಯುವ ಹೆಂಗಸರದ್ದನ್ನೇ ಓದು. ಅದರಲ್ಲಿ ನೀನು ಕಣ್ಣಾರೆ ಕಂಡದ್ದು ಇದೆ, ಯಾರು ಏನು ಕೇಳಿದರೂ ನಿನ್ನ ಹತ್ತಿರ ಹೇಳೋಕೆ ಇರುತ್ತದೆ. ಮೂರನೇ ಚರಣ ಮಾತ್ರ ಉದ್ದವಾಯಿತು, ಜೋರಾಗಿ ಓದಿ ನೋಡು, ಉಸಿರು ಸಾಲುವುದಿಲ್ಲ. ಅಲ್ಲಿ ಎರಡು ಸಾಲು ತೆಗೆದು, ಭಾನುವಾರದೊಳಗೆ ಒಮ್ಮೆ ನಿಂತುಕೊಂಡು ಓದಿ ರೆಕಾರ್ಡ್ ಮಾಡಿ ಕಳಿಸು.

ನಿನ್ನ ಅಕ್ಕ