ಕೇಸಿನ ಕತ್ತಿನ ಬಿಗಿಯ ಕುರಿತು ಅಳಿಯನಿಗೊಂದು ಪತ್ರ

ಕ್ಲೀವ್‌ಲ್ಯಾಂಡ್, ಒಹಾಯೊ

ಚಿ. ಸುಹಾಸನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಿನ್ನ ಪತ್ರವೂ ಗುರಿಹಲಗೆಯ ಚಿತ್ರಗಳೂ ತಲುಪಿದವು. ಹೊಸ ಹಿತ್ತಾಳೆ ಕೇಸುಗಳಲ್ಲಿ, ಎಂದರೆ ಒಳಗೆ ಮದ್ದು ತುಂಬಿ, ಬಾಯಿಯ ಕಿರಿದಾದ ಕತ್ತಿಗೆ ಗುಂಡು ಕೂರಿಸಿ ಮತ್ತೆ ಮತ್ತೆ ಬಳಸುವ ತೋಟೆಯ ಕೊಳವೆಗಳಲ್ಲಿ, ಮೂರು ಸಲ ಚೆನ್ನಾಗಿ ಗುಂಪು ಕಟ್ಟಿದ ನಿನ್ನ 6.5 ಕ್ರೀಡ್‌ಮೂರ್ ರೈಫಲ್ಲು, ಅವೇ ಕೇಸುಗಳನ್ನು ಐದನೆಯ ಸಲ ತುಂಬಿದಾಗ ಗುಂಡುಗಳನ್ನು ಮೇಲೆ ಕೆಳಗೆ ಚದುರಿಸತೊಡಗಿತೆಂದು ಬರೆದಿದ್ದೀಯ. ಮದ್ದಿನ ತೂಕವನ್ನಾಗಲಿ, ಹಿಗ್ಗಿದ ಕತ್ತನ್ನು ಕುಗ್ಗಿಸುವ ಬಳೆಯಾದ ಬುಶಿಂಗನ್ನಾಗಲಿ ನೀನು ಬದಲಿಸಿಲ್ಲ. ‘ಕತ್ತಿನ ಬಿಗಿ ಎರಡು ಥೌ ಇದ್ದೇ ಇದೆಯಲ್ಲ ಮಾವ’ ಎಂದು ಕೊನೆಯಲ್ಲಿ ಕೇಳಿದ್ದೀಯ. ನನ್ನ ತಕರಾರು ಇರುವುದು ಆ ವಾಕ್ಯದ ಮೇಲೆಯೇ.

ಎರಡು ಥೌ ಎಂಬುದು, ಎಂದರೆ ಇಂಚಿನ ಸಾವಿರದಲ್ಲಿ ಎರಡು ಭಾಗ ಎಂಬುದು, ಅಳತೆಯೇ ಹೊರತು ಬಿಗಿಯಲ್ಲ. ಗುಂಡಿನ ವ್ಯಾಸ 0.264 ಇಂಚು, ಕತ್ತಿನ ಒಳವ್ಯಾಸ 0.262 ಇಂಚು ಎಂಬುದಷ್ಟನ್ನೇ ಅದು ಹೇಳುತ್ತದೆ. ಆ ಕತ್ತು ಗುಂಡನ್ನು ಎಷ್ಟು ಬಲವಾಗಿ ಹಿಡಿದಿದೆ ಎಂಬುದು ಹಿತ್ತಾಳೆಯ ಗಡಸುತನ, ಗೋಡೆಯ ದಪ್ಪ, ಒಳಮೈಯ ನುಣುಪು ಇವೆಲ್ಲ ಸೇರಿ ತೀರ್ಮಾನವಾಗುವ ಸಂಗತಿ. ಕ್ಯಾಲಿಪರಿಗೆ ಅದು ಕಾಣುವುದಿಲ್ಲ. ನಿನ್ನ ಅಜ್ಜ ತೀರ್ಥಹಳ್ಳಿಯ ಮನೆಯಲ್ಲಿ ಕೇಪಿನ ಕೋವಿಗೆ ಮದ್ದು ಹಾಕಿ, ಮೇಲೆ ತೆಂಗಿನ ನಾರು ತುರುಕಿ ಗಜದಿಂದ ಜಡಿಯುವಾಗ, ಆ ಬಿಗಿ ಅವರ ಕೈಗೇ ತಿಳಿಯುತ್ತಿತ್ತು. ನೀನೂ ಗುಂಡು ಕೂರಿಸುವಾಗ ಪ್ರೆಸ್ಸಿನ ಹಿಡಿಗೆ ಕೈಯೊಪ್ಪಿಸಿ ಗಮನಿಸು. ಒಂದು ಗುಂಡು ಬೆಣ್ಣೆಯಲ್ಲಿ ಇಳಿದಂತೆ ಇಳಿದು, ಇನ್ನೊಂದು ತಡೆತಡೆದು ಇಳಿದರೆ ಆ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬೇಡ.

ಐದನೆಯ ಸಲಕ್ಕೆ ಆದದ್ದು ಇಷ್ಟೇ. ಕೇಸಿನ ಹಿತ್ತಾಳೆ ಸುಮಾರು ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ಹೊಡೆದಾಗ ಕತ್ತು ಹಿಗ್ಗುತ್ತದೆ, ಬುಶಿಂಗು ಕೂರುವ ಅಚ್ಚಾದ ಡೈಯಲ್ಲಿ ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ, ಹೀಗೆ ಪ್ರತಿಸಲವೂ ಗಡಸಾಗುತ್ತ ಹೋಗುತ್ತದೆ. ಕೊಡ ಬಡಿಯುವ ಕಂಚುಗಾರ ತಗಡು ಗಡಸಾದೊಡನೆ ಅದನ್ನು ಮತ್ತೆ ಕುಲುಮೆಗೆ ಒಡ್ಡುವುದು ಇದೇ ಕಾರಣಕ್ಕೆ. ಗಡಸಾದ ಹಿತ್ತಾಳೆ ಹೆಚ್ಚು ಪುಟಿಯುತ್ತದೆ; ಬುಶಿಂಗಿನಿಂದ ಹೊರಬಂದ ಕತ್ತು ಮೊದಲಿಗಿಂತ ಹೆಚ್ಚು ಹಿಂದಕ್ಕೆ ಅರಳಿ, ಎರಡು ಥೌ ಎಂದು ನೀನು ನಂಬಿದ್ದು ಒಂದೂವರೆಗೆ ಇಳಿದಿರಬಹುದು. ಅತ್ತ ಗೋಡೆ ಗಡಸಾದದ್ದರಿಂದ ಹಿಡಿತದ ಗುಣವೂ ಬೇರೆಯಾಗಿರುತ್ತದೆ. ಇವೆರಡೂ ಎಲ್ಲ ಕೇಸುಗಳಲ್ಲಿ ಒಂದೇ ಸಮನೆ ಆಗಿದ್ದರೆ ಚಿಂತೆಯಿರಲಿಲ್ಲ, ಆದರೆ ಹಾಗೆ ಆಗುವುದಿಲ್ಲ. ಹಿಡಿತ ಬೇರೆಬೇರೆಯಾದರೆ ಮದ್ದು ಹೊತ್ತಿಕೊಳ್ಳುವ ಮೊದಲ ಕ್ಷಣದ ಒತ್ತಡ ಬೇರೆಯಾಗುತ್ತದೆ, ಅದರೊಡನೆ ವೇಗವೂ. ಸೆಕೆಂಡಿಗೆ 2,700 ಅಡಿ ವೇಗದ 140 ಗ್ರೇನ್ ತೂಕದ ಗುಂಡಿನಲ್ಲಿ 30 ಅಡಿಯ ವ್ಯತ್ಯಾಸ ಬಂದರೆ, ನೂರು ಗಜದಲ್ಲಿ ಅದು ಕಾಣದು. ಸಾವಿರ ಗಜದಲ್ಲಿ ಏಳೆಂಟು ಇಂಚಿನ ಏರಿಳಿತವಾಗಿ ಕಾಣುತ್ತದೆ.

ನಾನು ಈ ಪಾಠ ಕಲಿತದ್ದು ನನ್ನದೇ ಸೋಮಾರಿತನದಿಂದ. ಎರಡು ಸಲ ಹೊಡೆದ ಕೇಸುಗಳನ್ನೂ ಏಳು ಸಲ ಹೊಡೆದವುಗಳನ್ನೂ ಒಂದೇ ಡಬ್ಬಿಗೆ ಸುರಿದು, ಒಂದು ಇಡೀ ಬೇಸಿಗೆ ಬ್ಯಾರೆಲ್ಲನ್ನೂ ದುರ್ಬೀನನ್ನೂ ಬೈದೆ. ಆದ್ದರಿಂದ ಒಂದೇ ಲಾಟಿನ ಕೇಸುಗಳನ್ನು ಒಟ್ಟಿಗೆ ಇಟ್ಟು, ಎಷ್ಟು ಸಲ ಹೊಡೆದದ್ದು ಎಂದು ಡಬ್ಬಿಯ ಮೇಲೆ ಬರೆದಿಡು.

ಇನ್ನು ಬುಶಿಂಗು. ಗುಂಡು ಕೂರಿಸಿದ ತೋಟೆಯ ಕತ್ತನ್ನು ಹೊರಗಿನಿಂದ ಮೈಕ್ರೋಮೀಟರಿನಲ್ಲಿ ಅಳೆ. ಅದು 0.293 ಇಂಚು ಇದ್ದರೆ, ಬೇಕಾದ ಎರಡು ಥೌ ಕಳೆದು, ಪುಟಿತಕ್ಕೆ ಇನ್ನೊಂದನ್ನು ಬಿಟ್ಟು 0.290ರ ಬುಶಿಂಗಿನಿಂದ ಆರಂಭಿಸಬಹುದು. ಆದರೆ ಬುಶಿಂಗು ಹೊರಮೈಯನ್ನು ಸಮ ಮಾಡಿ, ಗೋಡೆಯ ದಪ್ಪ ತೆಳುವುಗಳನ್ನೆಲ್ಲ ಒಳಕ್ಕೆ, ಗುಂಡು ಕೂರುವ ಕಡೆಗೇ ತಳ್ಳುತ್ತದೆ. ಹೀಗಾಗಿ ಕೊನೆಯಲ್ಲಿ ಗುಂಡಿಗಿಂತ ಒಂದೂವರೆಯಿಂದ ಎರಡು ಥೌ ಸಣ್ಣದಾದ ಮ್ಯಾಂಡ್ರೆಲನ್ನು, ಎಂದರೆ ನುಣುಪಾದ ಲೋಹದ ಕಡ್ಡಿಯನ್ನು, ಕತ್ತಿನೊಳಕ್ಕೆ ಇಳಿಸುವುದನ್ನು ನಾನು ಮೆಚ್ಚುತ್ತೇನೆ. ಆ ಏರುಪೇರುಗಳು ಹೊರಕ್ಕೆ ಹೋಗಿ ಒಳಮೈ ಸಮವಾಗುತ್ತದೆ. ಕತ್ತನ್ನು ಒಳಗಿನಿಂದ ಹಿಗ್ಗಿಸುವ, ಡೈಯೊಳಗಿನ ಎಕ್ಸ್‌ಪಾಂಡರ್ ಗುಂಡಿಯನ್ನು ಒಣ ಕತ್ತಿನಿಂದ ಕಿರ್ರೆಂದು ಮೇಲಕ್ಕೆ ಎಳೆಯುವ ಪದ್ಧತಿಯನ್ನು ಬಿಟ್ಟುಬಿಡು, ಅದು ಕತ್ತನ್ನು ಸೊಟ್ಟಗೆ ಮಾಡುತ್ತದೆ. ಅತಿಯಾಗಿ ತೊಳೆದು ಹೊಳೆಯಿಸಿದ ಕತ್ತು ಗುಂಡನ್ನು ಕಚ್ಚುತ್ತದೆ, ಚೂರು ಗ್ರಾಫೈಟ್ ಪುಡಿ ಸವರಿದರೆ ಸಾಕು.

ಗಡಸುತನಕ್ಕೆ ಪರಿಹಾರ, ಖಾಲಿ ಕೇಸಿನ ಹಿತ್ತಾಳೆಯನ್ನು ಕಾಯಿಸುವುದೊಂದೇ. ಇದರ ಹಿಂದೆ ನಮ್ಮ ಮಳೆಗಾಲದ ಕಥೆಯೊಂದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ತೋಟೆಗಳ ಕೇಸುಗಳು, ಲಾಯಗಳಲ್ಲಿ ಶೇಖರಿಸಿಟ್ಟಾಗ, ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ಮತ್ತು ತಯಾರಿಕೆಯಲ್ಲಿ ಹಿತ್ತಾಳೆಯೊಳಗೆ ಉಳಿದ ಬಿಗಿತ, ಎರಡೂ ಕೂಡಿ ಅದಕ್ಕೆ ಕಾರಣವೆಂದು 1921ರಲ್ಲಿ ಮೂರ್, ಬೆಕಿನ್‌ಸೇಲ್ ಮೊದಲಾದ ಸಂಶೋಧಕರು ವಿವರಿಸಿದರು. ಕಾಯಿಸಿ ಒಳಬಿಗಿತ ಕಳೆದರೆ ಬಿರುಕು ತಪ್ಪುತ್ತದೆ. ಅಮೋನಿಯಾ ಇರುವ ಪಾಲಿಶನ್ನು ಕೇಸಿಗೆ ಹಚ್ಚಬೇಡ ಎಂದು ನಾನು ಪ್ರತಿಸಲ ಗೊಣಗುವುದು ಈ ಕಾರಣಕ್ಕೆ.

ಕಾಯಿಸಬೇಕಾದದ್ದು ಕತ್ತನ್ನೂ, ಅದರ ಕೆಳಗೆ ಕೇಸು ಅಗಲವಾಗುವ ಇಳಿಜಾರಾದ ಭುಜವನ್ನೂ ಮಾತ್ರ, ಅದೂ ಕೆಲವೇ ಸೆಕೆಂಡು. ಸುಮಾರು 400 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುವ ಸೂಚಕ ಬಣ್ಣವನ್ನು ಕತ್ತಿನ ಒಳಗೆ ಬಳಿದು ಸಮಯ ಹೊಂದಿಸಿಕೊ. ಕೇಸಿನ ಬುಡಕ್ಕೆ ಮಾತ್ರ ಯಾವ ಕಾರಣಕ್ಕೂ ಬಿಸಿ ತಾಗಕೂಡದು: ಚದರ ಇಂಚಿಗೆ 62,000 ಪೌಂಡಿನವರೆಗಿನ ಒತ್ತಡವನ್ನು ನಿನ್ನ ಮುಖದಿಂದ ಆರೇಳು ಇಂಚು ದೂರದಲ್ಲಿ ತಡೆಯುವುದು ಆ ಬುಡದ ಗಡಸುತನ. ಒಮ್ಮೆ ಮೆತ್ತಗಾದ ಬುಡ ಮತ್ತೆ ಗಟ್ಟಿಯಾಗುವುದಿಲ್ಲ. ಸಂಶಯ ಬಂದ ಕೇಸನ್ನು ಇಕ್ಕಳದಿಂದ ಜಜ್ಜಿ ಎಸೆ. ನೀನು ಮೂರು ಸಲಕ್ಕೊಮ್ಮೆ ಕಾಯಿಸಿದರೂ ಸರಿ, ಪ್ರತಿಸಲ ಕಾಯಿಸಿದರೂ ಸರಿ, ಡಬ್ಬಿಯ ಅಷ್ಟೂ ಕೇಸುಗಳಿಗೆ ಒಟ್ಟಿಗೇ ಮಾಡು.

ಬಿಗಿ ಬಹಳ ಕಡಿಮೆ ಮಾಡುವ ಆಸೆಯೂ ಬೇಡ. ನಿನ್ನ ತೋಟೆಗಳು ರೈಫಲ್ಲಿನ ತೋಟೆಪೆಟ್ಟಿಗೆಯಾದ ಮ್ಯಾಗಝೀನಿನಿಂದ ತಳ್ಳಿಸಿಕೊಂಡು ಹೋಗುತ್ತವೆ. ಸಡಿಲ ಗುಂಡು ಕೇಸಿನೊಳಕ್ಕೆ ಜಾರಿದರೆ ಒತ್ತಡ ಏರುತ್ತದೆ. ಬಿಗಿ ಬದಲಿಸಿದಾಗಲೆಲ್ಲ ಮದ್ದನ್ನು ಕೈಪಿಡಿಯ ಆರಂಭದ ಅಳತೆಗೆ ಇಳಿಸಿ, ಅಲ್ಲಿಂದ ಮೆಲ್ಲಗೆ ಏರು.

ಈಗ ಕೈಯಲ್ಲಿರುವ ಐವತ್ತು ಕೇಸುಗಳಲ್ಲಿ ಇಪ್ಪತ್ತೈದನ್ನು ಕಾಯಿಸಿ, ಉಳಿದ ಇಪ್ಪತ್ತೈದನ್ನು ಹಾಗೆಯೇ ತುಂಬಿ, ಎರಡನ್ನೂ ಒಂದೇ ದಿನ ವೇಗಮಾಪಕದ ಮುಂದೆ ಹೊಡೆದು ನೋಡು. ಅಂಕಿಗಳನ್ನು ಕಳುಹಿಸು. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇತಿ ನಿನ್ನ ಪ್ರೀತಿಯ,
ಮಾವ