ಮಗಳಿಗೊಂದು ಪತ್ರ: ಕೊರತೆ ಇಲ್ಲ ಅಂದೆಯಲ್ಲ

ತೀರ್ಥಹಳ್ಳಿ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಕೆಲಸ ಹೋದ ಸುದ್ದಿಯನ್ನು ಅಮ್ಮನಿಗೆ ಹೇಳಿ, ಅಪ್ಪನಿಗೆ ಹೇಳಬೇಡ ಅಂದೆಯಂತೆ. ಅದಿರಲಿ. ನಾನು ಹಾಕಿದ ದುಡ್ಡನ್ನು ವಾಪಸ್ ಕಳಿಸಿ "ನಂಗೇನೂ ಕೊರತೆ ಇಲ್ಲಪ್ಪ" ಅಂತ ಮೆಸೇಜು ಹಾಕಿದ್ದೀಯಲ್ಲ, ಆ ಮಾತಿಗೆ ಈ ಕಾಗದ.

ಕನ್ನಡ ಮೇಷ್ಟ್ರಾಗಿದ್ದವನು, ಪದ ಕಂಡರೆ ಬಿಡಲಾರೆ. ಕೊರತೆ ಅಚ್ಚಗನ್ನಡ ಪದ. ಹಳಗನ್ನಡದಲ್ಲಿ ಕೊಱತೆ. ಆ ಱ ಅಕ್ಷರ ಈಗ ಬಳಕೆಯಲ್ಲಿಲ್ಲ. 1894ರ ಕಿಟೆಲ್ ನಿಘಂಟಿನಲ್ಲಿ ಸಿಗುತ್ತದೆ. ತಮಿಳಿನ ಕುಱೈ ಇದೇ ಬೇರಿನದು. ಸಂಸ್ಕೃತದ ಅಭಾವ ಅಂದರೆ ಇಲ್ಲವೇ ಇಲ್ಲ ಅನ್ನುವುದು. ಕೊರತೆ ಅಂದರೆ ಇದೆ, ಇರಬೇಕಾದಷ್ಟಿಲ್ಲ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುವುದು ವಾಡಿಕೆ. ಆರು ಸಾವಿರ ಬಿದ್ದರೂ ಅಲ್ಲಿ ಮಳೆ ಕೊರತೆ ಅಂತಲೇ ಲೆಕ್ಕ. ಚಳ್ಳಕೆರೆಗೆ ಹತ್ತು ವರ್ಷ ಸುರಿದರೂ ಅಷ್ಟಾಗದು. ಎಷ್ಟಿದ್ದರೆ ಸಾಕು ಅನ್ನುವ ಅಳತೆಯ ಮೇಲೆ ನಿಂತಿದೆ ಈ ಪದ.

ನಿನ್ನ ಅಳತೆಯೇ ನನಗೆ ಭಯ, ಪುಟ್ಟೀ.

ಕೊಳೆರೋಗ ಬಂದು ಅಡಿಕೆ ತೋಟ ಹೋಯಿತಲ್ಲ, ಆ ವರ್ಷ ನೀನು ಆರನೇ ಕ್ಲಾಸು. ಮಳೆ ಬಿಡುವು ಕೊಡದೆ ಔಷಧಿ ಹೊಡೆಯಲಾಗಲಿಲ್ಲ. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ ಕಲಸಿಟ್ಟ ಡ್ರಮ್ಮು ಹಾಗೇ ಉಳಿಯಿತು, ಎಳೆಗಾಯಿ ರಾಶಿ ರಾಶಿ ಉದುರಿತು. ಆಗಿನ ರಾತ್ರಿ ಊಟಗಳೇ ನನ್ನ ಕಣ್ಣಲ್ಲಿವೆ. ಅಮ್ಮ ಮೊಸರು ಬಡಿಸಲು ಬಂದರೆ ನೀನು ಮೊದಲು ಕತ್ತು ಚಾಚಿ ಪಾತ್ರೆಯ ತಳ ನೋಡುತ್ತಿದ್ದೆ. ತಳ ಕಂಡರೆ "ಸಾಕು, ಹೊಟ್ಟೆ ತುಂಬ್ತು" ಅಂತ ತಟ್ಟೆಗೆ ಅಡ್ಡ ಕೈ ಹಿಡಿಯುತ್ತಿದ್ದೆ. ಎಡಗೈ, ಬೆರಳೆಲ್ಲ ಅಗಲಿಸಿ. ಅಮ್ಮನಿಗೆ ಉಳಿಯಲಿ ಅಂತ. ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಹೆಮ್ಮೆಯೂ ಆಗುತ್ತಿತ್ತು, ತುತ್ತೂ ಇಳಿಯುತ್ತಿರಲಿಲ್ಲ. ಮೆಸೇಜು ಓದುವಾಗ ಆ ಕೈಯೇ ಕಂಡಿತು.

ನಮ್ಮ ಕಡೆ ಮದುವೆಮನೆಯಲ್ಲಿ "ಯಾವುದಕ್ಕೂ ಕೊರತೆ ಆಗಬಾರದು" ಅಂತ ಓಡಾಡುವವರು ಮನೆಯವರು. ಎಲೆ ಮುಂದೆ ಕೂತವರು ಪಾತ್ರೆಯ ತಳ ನೋಡಬಾರದು. ಕೊರತೆ ಇದೆಯೋ ಇಲ್ಲವೋ ನೋಡುವುದು ನಮ್ಮ ಕೆಲಸ, ನಿನ್ನದಲ್ಲ. ಬಾಡಿಗೆ ಬಾಕಿ ಇಟ್ಟುಕೊಳ್ಳಬೇಡ. ಕ್ರೆಡಿಟ್ ಕಾರ್ಡ್ ಮುಟ್ಟಬೇಡ. ರಾತ್ರಿ ಬರೀ ಬಿಸ್ಕತ್ತು ತಿಂದು ಮಲಗಬೇಡ. ಸಿಕ್ಕಿತು ಅಂತ ಯಾವುದೋ ಕೆಲಸಕ್ಕೆ ಅವಸರದಲ್ಲಿ ಸೇರಿಕೊಳ್ಳಲೂಬೇಡ. ನೋಡು, ಪಾಠ ಶುರುವಾಯಿತು, ಬೇಜಾರು ಮಾಡ್ಕೋಬೇಡ.

ಎಲೆಚುಕ್ಕಿ ರೋಗ ಮೇಲಿನ ತೋಟಕ್ಕೆ ಬಂದಿದೆ, ಸುಳ್ಳು ಹೇಳುವುದಿಲ್ಲ. ಆದರೆ ಹೋದ ಸಲದ ಅಡಿಕೆ ಇನ್ನೂ ಮಾರಿಲ್ಲ. ಪೆನ್ಷನ್ ಬರುತ್ತದೆ. ಕೊಡುವಷ್ಟಿದೆ.

ಭಾನುವಾರ ಅಮ್ಮ ಫೋನ್ ಮಾಡುತ್ತಾಳೆ. ಬಾಡಿಗೆ ಎಷ್ಟು, ಕೈಯಲ್ಲಿ ಎಷ್ಟಿದೆ ಅಂತ ಅವಳಿಗೆ ಸರಿಯಾದ ಲೆಕ್ಕ ಹೇಳು. ನಾನು ಪಕ್ಕದಲ್ಲೇ ಇರುತ್ತೇನೆ.

ನಿನ್ನ ಅಪ್ಪ